ಜ್ವರಕ್ಕೆ ಕೂತ ಫೋನು

ನಮ್ಮ ಮಾವನವರ ದನಿ ಅವರ ಫೋನಿನಲ್ಲಿತ್ತು. ಹೀಗೆಂದರೆ ಯಾರೋ ಕವಿತೆ ಬರೆಯಲು ಹೊರಟಂತಿರುತ್ತದೆ. ಹಾಗೇನಿಲ್ಲ, ಇದ್ದ ವಿಷಯ ಹೇಳುತ್ತಿದ್ದೇನೆ. ಗಂಟಲಿನ ಆಪರೇಷನ್ನಿನಲ್ಲಿ ಡಾಕ್ಟರು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದರು. ತೆಗೆಯುವ ಮುಂಚೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಮ್ಮು ಫೋನಿಗೊಂದು ಆ್ಯಪ್ ಹಾಕಿಕೊಟ್ಟು, ಮುಂದೆ ಬೇಕಾಗುವ ಮಾತುಗಳನ್ನೆಲ್ಲ ಈಗಲೇ ಹೇಳಿ ರೆಕಾರ್ಡ್ ಮಾಡಿಡಿ ಎಂದರು. ಒಂದೊಂದು ಮಾತಿಗೆ ಒಂದೊಂದು ಬಟನ್. ಒತ್ತಿದರೆ ಅವರದೇ ದನಿಯಲ್ಲಿ ಆ ಮಾತು ಕೇಳುತ್ತದೆ.

ಯಾವ್ಯಾವ ಮಾತು ಬೇಕಾಗಬಹುದು ಎಂದು ಮೇಡಮ್ಮೇ ಬರೆದುಕೊಟ್ಟಿದ್ದರು. ‘ನನಗೆ ನೋವಾಗುತ್ತಿದೆ.’ ‘ನೀವು ಹೇಗಿದ್ದೀರಿ?’ ‘ಧನ್ಯವಾದಗಳು.’ ನಾನು ಓದಿ ಹೇಳಿದೆ. ಮಾವ ಕೇಳಿಸಿಕೊಂಡು, “ಧನ್ಯವಾದ ಯಾರ್ಗವ್ವಾ ಹೇಳಾನ? ಹುಳಕ್ಕಾ?” ಎಂದು ಕೇಳಿದರು.

ಸಾತನೂರಿನ ಹತ್ತಿರದ ಹಳ್ಳಿ ನಮ್ಮದು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಒಂದು ಸೀಮೆ ಹಸು. ಮಾವನಿಗೆ ಪ್ರಪಂಚವೆಂದರೆ ಇಷ್ಟೇ. ಆದ್ದರಿಂದ ಅವರು ಆಪರೇಷನ್ನಿಗೆ ಮುಂಚೆ ರೆಕಾರ್ಡ್ ಮಾಡಿದ ಮಾತುಗಳೂ ಇಂಥವೇ: “ಚಪ್ಲಿ ಆಚೆ ಬುಡ್ಲಾ.” “ಬಾಗ್ಲು ಹಾಕು, ಗಾಳಿ ಬತ್ತದೆ.” “ಸೊಪ್ಪು ಒದ್ದೆ ಐತೆ, ಹಾಕ್ಬ್ಯಾಡ.” “ಯಾರ್ಲಾ ಅದು ಸೆಂಟ್ ಹಾಕ್ಕಂಡು ಹುಳು ಮನೆಗ್ ಬಂದೋನು?” “ಕರೆಂಟ್ ಬಂತಾ?” “ಒಸಿ ಕಾಫಿ.” ಬರುವ ದಿನಗಳಲ್ಲಿ ಯಾರನ್ನು ಯಾವುದಕ್ಕೆ ಬೈಯಬೇಕಾಗುತ್ತದೆ ಎಂದು ಇಷ್ಟು ಮುಂದಾಲೋಚನೆ ಮಾಡಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಎಲ್ಲ ಮುಗಿಯಿತು ಅಂದುಕೊಂಡು ನಾನು ಫೋನು ಎತ್ತಿಡಲು ಹೋದರೆ, ತಾಳು ಎಂದು ಕೈ ಅಡ್ಡ ಹಿಡಿದರು. ಕೊಟ್ಟಿಗೆಗೆ ನಡೆದರು. ಸೀಮೆ ಹಸು ಮಾವ ಮಾತಾಡಿಸದಿದ್ದರೆ ಹಾಲು ಇಳಿಸುವುದಿಲ್ಲ, ಅದು ಊರಿಗೇ ಗೊತ್ತು. ಫೋನು ಹಿಡಿದು ಹಿಂದೆ ನಿಂತೆ. ಮಾವ ಅದರ ಕುತ್ತಿಗೆ ಸವರುತ್ತಾ, “ಬಾರವ್ವಾ ನನ್ನವ್ವಾ. ಸಿಟ್ ಮಾಡ್ಕಬ್ಯಾಡ ಕಣವ್ವಾ. ನಾನಿವ್ನಿ” ಎಂದರು. ಅದೇ ಬಾಯಿಂದ ಇಂಥ ಮಾತೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಡುಗೆಮನೆ ಕಿಟಕಿಯಿಂದ ಕೇಳಿಸಿಕೊಂಡ ಅತ್ತೆ, “ಹಸಕ್ಕಾದ್ರೆ ಬತ್ತದೆ ಮಾತು” ಎಂದು ಪಾತ್ರೆಯನ್ನು ಒಂದಿಷ್ಟು ಜೋರಾಗಿಯೇ ಇಟ್ಟರು.

ಆಪರೇಷನ್ ಆಯಿತು. ಮಾವ ಫೋನನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಮೊದಲಿನ ಹಾಗೆಯೇ ಎಲ್ಲರನ್ನೂ ಬೈದುಕೊಂಡು ಓಡಾಡತೊಡಗಿದರು. ಬಟನ್ನುಗಳ ಜಾಗ ಕೈಗೆ ಕೂತುಬಿಟ್ಟಿತ್ತು. ಜೇಬಿನೊಳಗೇ ಬೆರಳಾಡಿಸಿ “ಚಪ್ಲಿ ಆಚೆ ಬುಡ್ಲಾ” ಅನ್ನಿಸುತ್ತಿದ್ದರು. ಹಾಲು ಕರೆಯುವಾಗ ಹಸುವಿನ ಕಿವಿಯ ಹತ್ತಿರ ಫೋನು ಹಿಡಿದು ಒತ್ತಿದರೆ, ಅದು ಒಮ್ಮೆ ಅನುಮಾನದಿಂದ ನೋಡಿ, ಆಮೇಲೆ ಒಪ್ಪಿಕೊಂಡು ಹಾಲು ಇಳಿಸುತ್ತಿತ್ತು.

ಇದನ್ನೆಲ್ಲ ಹಾಳು ಮಾಡಿದ್ದು ಅಪ್‌ಡೇಟ್. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ ಹಾಕಿಕೊಳ್ಳಿ ಎಂದು ಫೋನು ದಿನಾ ಪೀಡಿಸುತ್ತಿತ್ತು. ಕಾಟ ತಡೆಯದೆ ಮಾವ ಒಂದು ದಿನ ಹೂಂ ಎಂದು ಒತ್ತಿದರು. ಫೋನು ಹೊಸ ಮದುವಣಿಗನ ಹಾಗೆ ಮಿರಮಿರ ಮಿಂಚುತ್ತಾ ಎದ್ದಿತು. ಆ್ಯಪ್ ತೆರೆಯಲಿಲ್ಲ. ಒತ್ತಿದರೆ ಬಿಳಿ ಪರದೆ ಬಂದು ಕಣ್ಣು ಮಿಟುಕಿಸಿ ಹೋಗುತ್ತಿತ್ತು. ಅದನ್ನು ಮಾಡಿದವರು ಯಾವಾಗಲೋ ಅಂಗಡಿ ಮುಚ್ಚಿದ್ದರಂತೆ, ಹೊಸ ಆವೃತ್ತಿಗೆ ಅದನ್ನು ಹೊಂದಿಸುವವರು ಯಾರೂ ಇರಲಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಡಿಪಾರ್ಟ್‌ಮೆಂಟು ನಾನು. ಸಾತನೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ, ಅಷ್ಟೇ ಅರ್ಹತೆ. ಬೇರೆ ಆ್ಯಪ್ ಹಾಕಿ ನೋಡಿದೆ. ಒಂದು, ನೆಟ್ ಇಲ್ಲದೆ ಬಾಯಿ ಬಿಡುವುದಿಲ್ಲ. ನಮ್ಮ ಹುಳು ಮನೆಯೊಳಗೆ ನೆಟ್ ಸಿಕ್ಕುವುದಿಲ್ಲ. ಹಾಡು ಕೇಳುವ ಆ್ಯಪಿಗೆ ಮಾವನ ಮಾತುಗಳನ್ನು ಹಾಕಿದರೆ ಉದ್ದ ಪಟ್ಟಿ ಬರುತ್ತದೆ, ಬೆರಳಿಗೆ ಕೂತ ಬಟನ್ನು ಸಿಗುವುದಿಲ್ಲ. ಇನ್ನೊಂದು ಬರೆದದ್ದನ್ನು ತಾನೇ ಓದುತ್ತದೆ, ಹೆಂಗಸಿನ ದನಿಯಲ್ಲಿ: “ದಯವಿಟ್ಟು ಪಾದರಕ್ಷೆಗಳನ್ನು ಹೊರಗೆ ಬಿಡಿ.” ಮಾವ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟರು. ಸ್ಲೇಟು ತಂದುಕೊಟ್ಟೆ. ಅದರ ಮೇಲೆ ಅವರು ಬರೆದದ್ದು ಒಂದೇ ಸಲ, ‘ಬೇಡ’ ಅಂತ. ಆಮೇಲೆ ಮಾವ ಯಾರನ್ನೂ ಬೈಯಲಿಲ್ಲ. ಚಪ್ಪಲಿ ಹಾಕಿಕೊಂಡು ಒಳಗೆ ಬಂದವರನ್ನು ನೋಡಿಯೂ ಸುಮ್ಮನಿರುತ್ತಿದ್ದರು. ಹಸುವಿನ ಹಾಲು ಇಳಿಮುಖವಾಯಿತು. ಮನೆ ತಣ್ಣಗಾಯಿತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಉಳಿದದ್ದು ಒಂದೇ ದಾರಿ, ಫೋನನ್ನು ಹಳೆಯ ಆವೃತ್ತಿಗೆ ವಾಪಸ್ ಕರೆದುಕೊಂಡು ಹೋಗುವುದು. ರೇಷ್ಮೆ ಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೋದಾಗ ಅಲ್ಲೊಂದು ಮೊಬೈಲ್ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಲ್ರೂ ಮುಂದುಕ್ ಓಯ್ತಾರೆ, ನೀವೇನಕ್ಕಾ ಹಿಂದುಕ್ ಓಯ್ತೀನಿ ಅಂತೀರಿ? ಹೊಸದ್ ತಗಳಿ” ಎಂದ. ಹೊಸ ಫೋನುಗಳಲ್ಲಿ ಹಳೆಯ ಆವೃತ್ತಿ ಇರುವುದಿಲ್ಲ, ಹಾಗಾಗಿ ಆ ಆ್ಯಪೂ ಓಡುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವನು ನನ್ನನ್ನು ಬಿಟ್ಟು ಸ್ಕ್ರೀನ್ ಗಾರ್ಡ್ ಕೇಳಲು ಬಂದವನನ್ನು ಮಾತಾಡಿಸಿದ.

ಸರಿ, ನಾನೇ ಮಾಡುವುದು ಎಂದು ಕೂತೆ. ಓದಿದೆ, ಓದಿದೆ, ಕಣ್ಣು ಬೀಳುವಷ್ಟು ಓದಿದೆ. ಎಲ್ಲ ಫೋನುಗಳೂ ಹಿಂದಕ್ಕೆ ಬರುವುದಿಲ್ಲ. ಕೆಲವು ಒಮ್ಮೆ ಹೊಸದು ಹತ್ತಿದರೆ ಹಳೆಯದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬಲವಂತ ಮಾಡಿದರೆ ಇಟ್ಟಿಗೆಯ ಹಾಗೆ ಆಗಿಬಿಡುತ್ತವೆ. ಪುಣ್ಯಕ್ಕೆ ಮಾವನ ಫೋನು ಆ ಜಾತಿಯದಲ್ಲ. ತಯಾರಿಸಿದ ಕಂಪನಿಯೇ ಹಳೆಯ ಆವೃತ್ತಿಯನ್ನು ತನ್ನ ಸೈಟಿನಲ್ಲಿ ಇಟ್ಟಿತ್ತು. ಅದೇ ಮಾಡೆಲ್ಲಿನದೇ ಆಗಬೇಕು, ಒಂದಕ್ಷರ ಹೆಚ್ಚುಕಮ್ಮಿಯಾದರೂ ಕೆಟ್ಟಿತು ಎಂದು ಬರೆದಿತ್ತು. ಫೋನಿನ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಅತ್ತೆಯ ಕೈಲಿ ಬೆರಳಿಟ್ಟು ಹಿಡಿಸಿಕೊಂಡು ತಾಳೆ ನೋಡಿದೆ.

ಹಿಂದಕ್ಕೆ ಹೋಗುವಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಮೊದಲು ಮಾವನ ಮಾತುಗಳ ಫೈಲುಗಳನ್ನೂ ಆ ಹಳೆಯ ಆ್ಯಪನ್ನೂ ಲ್ಯಾಪ್‌ಟಾಪಿಗೆ ತೆಗೆದುಕೊಂಡೆ, ಪೆನ್‌ಡ್ರೈವಿಗೂ ಹಾಕಿದೆ. ಹಾಕಿದರೆ ಸಾಲದು, ಹಾಕಿದ್ದನ್ನು ತೆಗೆದು ಕೇಳಬೇಕು. ಅಂಗಡಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿದೆ. “ಯಾರ್ಲಾ ಅದು!” ಎಂದು ಲ್ಯಾಪ್‌ಟಾಪು ಗದರಿದ್ದೇ ತಡ, ಜೆರಾಕ್ಸಿಗೆ ಬಂದಿದ್ದವರೊಬ್ಬರು ಚಪ್ಪಲಿ ಬಿಟ್ಟು ಹೊಸಿಲಾಚೆ ಹೋಗಿ ನಿಂತರು. ಅವರು ಮಾವನ ಪರಿಚಯದವರು.

ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನವನ್ನೇ ಆರಿಸಿಕೊಂಡೆ. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಒಂದಿಷ್ಟು ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಬಿಡಬೇಕು. ಸೊಪ್ಪು ಕುಯ್ಯುವ ಕೆಲಸವಿಲ್ಲ, ಎಲ್ಲರ ಕೈಯೂ ಖಾಲಿ. ಕರೆಂಟು ಹೋದರೂ ಇರಲಿ ಎಂದು ಲ್ಯಾಪ್‌ಟಾಪು, ಫೋನು ಎರಡಕ್ಕೂ ತುಂಬ ಚಾರ್ಜ್ ಮಾಡಿದ್ದೆ. ನಡುಮನೆಯಲ್ಲಿ ಚಾಪೆ ಹಾಸಿ ಎರಡನ್ನೂ ಕೇಬಲ್ಲಿನಿಂದ ಜೋಡಿಸಿ ಶುರು ಮಾಡಿದೆ. ಫೋನಿನ ಪರದೆಯ ಮೇಲೆ ಒಂದು ಗೆರೆ ಮೆಲ್ಲಗೆ ಉದ್ದವಾಗತೊಡಗಿತು. ಮಾವ ಗೋಡೆಗೆ ಒರಗಿ ಅದನ್ನೇ ನೋಡುತ್ತಾ ಕೂತರು.

“ಇದೇನ್ ಮಾಡ್ತಾ ಐತೆ?” ಎಂದು ಅತ್ತೆ ಕೇಳಿದರು.

ನನಗೆ ಒಳ್ಳೆಯ ಉದಾಹರಣೆ ಹೊಳೆಯಿತು. ಹೊಳೆಯಬಾರದಿತ್ತು. “ಇದೂ ಜ್ವರಕ್ಕೆ ಕೂತಂಗೇ ಅತ್ತೆ. ಹೊಸ ಪೊರೆ ಬಿಟ್ಟು ಹಳೇದಕ್ಕೆ ಓಗ್ತಾ ಐತೆ. ಅದಾಗೇ ಎದ್ದೇಳಗಂಟ ಯಾರೂ ಮುಟ್ಟಬಾರ್ದು” ಎಂದೆ. ಅತ್ತೆಗೆ ಕ್ಷಣದಲ್ಲಿ ಅರ್ಥವಾಯಿತು. ಅವರು ಹುಳು ಸಾಕಿದವರು, ಜ್ವರದ ಶಿಸ್ತು ಅವರಿಗೆ ನಾನು ಕಲಿಸಬೇಕಾಗಿಲ್ಲ. ಬಾಗಿಲು ಮುಂದೆ ಮಾಡಿದರು. ಒಳಗೆ ಬರುತ್ತಿದ್ದ ಕೋಳಿಯನ್ನು ಅಟ್ಟಿದರು, ನನ್ನ ಗಂಡನನ್ನೂ ಅಟ್ಟಿದರು. ಇಂಥ ಕಾವಲು ಸಿಕ್ಕಿದೆಯಲ್ಲ ಎಂದು ನಾನು ಹೆಮ್ಮೆಪಟ್ಟು, ಅಂಗಡಿಯ ಗಿರಾಕಿಯೊಬ್ಬರ ಫೋನು ಬಂತೆಂದು ಹಿತ್ತಲಿಗೆ ಹೋದೆ. ಮಾವನೂ ಕೊಟ್ಟಿಗೆ ಕಡೆ ಎದ್ದರು.

ಮಾತು ಮುಗಿಸಿ ತಿರುಗಿದರೆ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಕೇಬಲ್ಲು, ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದಾರೆ.

“ನೀನ್ ಮರ್ತ್ ಬುಟ್ಟಿದ್ದೆ ಕಣವ್ವಾ” ಎಂದರು, ನನ್ನ ತಪ್ಪನ್ನು ದೊಡ್ಡದು ಮಾಡದ ದನಿಯಲ್ಲಿ. “ಬಾಯಾಗೆ ಸೊಪ್ಪು ಹಂಗೇ ಇತ್ತು. ಜ್ವರುಕ್ ಕೂತಾಗ ಮೇವ್ ಹಾಕಿದ್ರೆ ಉಳಿತದಾ? ನಾನ್ ತೆಗ್ದಿವ್ನಿ.”

ಒಳಗೆ ಓಡಿದೆ. ಪರದೆ ಕಪ್ಪಗಿತ್ತು. ಒತ್ತಿದೆ, ಅದುಮಿದೆ, ಏನೂ ಇಲ್ಲ. ಸುಣ್ಣ ಉದುರಿಸಿರಲಿಲ್ಲ, ಅದೊಂದು ಪುಣ್ಯ. ನನಗೆ ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ ಕೂಗಾಡುವುದು? ಅವರು ಮಾಡಿದ್ದು ನಾನು ಹೇಳಿದ್ದನ್ನೇ, ಇನ್ನೂ ಸರಿಯಾಗಿ.

ನನ್ನ ಮುಖ ನೋಡಿ ಅತ್ತೆಗೆ ತಿಳಿಯಿತು. ಕೊಟ್ಟಿಗೆಯಿಂದ ಬಂದ ಮಾವ ಕಪ್ಪು ಪರದೆಯನ್ನೂ ಅತ್ತೆಯ ಕೈಲಿದ್ದ ಕೇಬಲ್ಲನ್ನೂ ನೋಡಿದರು. ಹಿಂದೆಯಾಗಿದ್ದರೆ ಮನೆ ಹಾರಿಹೋಗುವ ಹಾಗೆ ಬೈಯುತ್ತಿದ್ದರು. ಈಗ ಬಾಯಿ ತೆರೆದರು, ಕುತ್ತಿಗೆಯ ತೂತಿನಿಂದ ಗಾಳಿಯಷ್ಟೇ ಬಂತು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಅತ್ತೆ ಕೇಬಲ್ಲನ್ನು ಚಾಪೆಯ ಮೇಲಿಟ್ಟು, “ಡಾಕ್ಟ್ರು ಒಂದ್ ಸಲ ಕಿತ್ರು. ಇನ್ನೊಂದ್ ಸಲ ನಾನ್ ಕಿತ್ತೆ” ಎಂದು ಹೊರಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಊಟಕ್ಕೆ ಕರೆದರೆ ಏಳಲಿಲ್ಲ. ನಾನು ಹೋಗಿ ಕೈ ಹಿಡಿದೆ, ಬಿಡಿಸಿಕೊಂಡರು.

ದನಿಯೇನೋ ಲ್ಯಾಪ್‌ಟಾಪಿನಲ್ಲಿ ಭದ್ರವಾಗಿತ್ತು. ಆದರೆ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಲು ಕರೆಯಲಾಗುತ್ತದೆಯೇ? ಈ ಫೋನು ಏಳಲೇಬೇಕಿತ್ತು. ಓದಿದ್ದನ್ನೆಲ್ಲ ಮತ್ತೆ ತೆಗೆದೆ. ಮಧ್ಯದಲ್ಲಿ ಕಡಿದುಹೋದರೆ ಎಲ್ಲ ಮುಗಿಯಿತೆಂದಲ್ಲ, ಫೋನಿನ ಬುಡದ ಭಾಗ ಕೆಟ್ಟಿರದಿದ್ದರೆ ಇಂಥಿಂಥ ಗುಂಡಿಗಳನ್ನು ಒಟ್ಟಿಗೆ ಅದುಮಿ ಹಿಡಿಯಿರಿ ಎಂದಿತ್ತು. ಹಿಡಿದೆ. ಬೆರಳು ನೋಯುವವರೆಗೂ ಹಿಡಿದೆ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಸಣ್ಣ ಇಂಗ್ಲಿಷ್ ಸಾಲು ಕಾಣಿಸಿತು. ನಾನು “ಅಯ್ಯೋ ನನ್ನಪ್ಪಾ!” ಎಂದು ಕಿರುಚಿದ್ದಕ್ಕೆ ಕೆಟ್ಟೇಹೋಯಿತೆಂದುಕೊಂಡು ಮಾವ ಕಣ್ಣು ಮುಚ್ಚಿಕೊಂಡರು.

ಕೇಬಲ್ಲು ಹಾಕಿ ಮೊದಲಿಂದ ಶುರು ಮಾಡಿದೆ. ಈ ಸಲ ಯಾವ ಉದಾಹರಣೆಯನ್ನೂ ಕೊಡಲಿಲ್ಲ. ಗೆರೆ ತುಂಬುವವರೆಗೂ ಕೇಬಲ್ಲಿನ ಒಂದು ತುದಿ ನಾನು, ಇನ್ನೊಂದು ತುದಿ ನನ್ನ ಗಂಡ ಹಿಡಿದು ಕೂತಿದ್ದೆವು. ಫೋನು ನಡುಗಿತು, ಬೆಳಕಾಯಿತು, ಮಾವನಿಗೆ ಗುರುತಿದ್ದ ಆ ಹಳೆಯ ಮುಖ ಹೊತ್ತುಕೊಂಡು ಎದ್ದಿತು. ಮೊಟ್ಟಮೊದಲು ಅದು ತಾನಾಗಿ ಅಪ್‌ಡೇಟ್ ಆಗುವುದನ್ನು ಬಂದ್ ಮಾಡಿದೆ. ಆಮೇಲೆ ಆ್ಯಪ್ ಹಾಕಿ, ಮಾತುಗಳನ್ನೆಲ್ಲ ಅವುಗಳ ಜಾಗದಲ್ಲೇ ಕೂರಿಸಿ ಒಂದು ಬಟನ್ ಒತ್ತಿ ನೋಡಿದೆ.

“ಚಪ್ಲಿ ಆಚೆ ಬುಡ್ಲಾ.”

ಬರಿಗಾಲಲ್ಲೇ ಇದ್ದೆ. ಆದರೂ ಒಮ್ಮೆ ಕಾಲು ನೋಡಿಕೊಂಡೆ. ಮಾವ ಫೋನು ಕಿತ್ತುಕೊಂಡು ಎದೆಗೆ ಒತ್ತಿಕೊಂಡರು. ಅವರು ಅಳುತ್ತಿದ್ದರು. ನನಗೂ ಅಳು ಬಂತು, ಮುಚ್ಚಿಡುವುದೇನು.

ಅತ್ತೆ ಇನ್ನೂ ಕಲ್ಲಿನ ಮೇಲೆಯೇ ಕೂತಿದ್ದರು. ಎದ್ದಿತು ಎಂದು ಕೂಗಿ ಹೇಳಿದೆ, ನಂಬಲಿಲ್ಲ. ಮಾವ ಹೋಗಿ ಅವರ ಮುಂದೆ ನಿಂತು ಫೋನು ನೋಡಿದರು. ಏನು ಹೇಳುವುದು? ಹೆಂಡತಿಯನ್ನು ಸಮಾಧಾನ ಮಾಡಬೇಕಾದೀತು ಎಂಬ ಮುಂದಾಲೋಚನೆಯೊಂದನ್ನು ಅವರು ಮಾಡಿರಲಿಲ್ಲ. “ಒಸಿ ಕಾಫಿ” ಎಂದಿತು ಫೋನು. ಅತ್ತೆ ಒಮ್ಮೆ ಬೆಚ್ಚಿ, ಮುಖ ತಿರುಗಿಸಿಕೊಂಡರು. “ಬಾಗ್ಲು ಹಾಕು, ಗಾಳಿ ಬತ್ತದೆ.” ಅದೂ ಕೆಲಸ ಮಾಡಲಿಲ್ಲ. ಮಾವ ಅಂಗೈಯಿಂದ ಪರದೆ ಒರೆಸಿದರು. ಆಮೇಲೆ ಕೆಳಗಿನ ಮೂಲೆಯ ಬಟನ್ ಒತ್ತಿದರು.

“ಬಾರವ್ವಾ ನನ್ನವ್ವಾ. ಸಿಟ್ ಮಾಡ್ಕಬ್ಯಾಡ ಕಣವ್ವಾ. ನಾನಿವ್ನಿ.”

ಕೊಟ್ಟಿಗೆಯಿಂದ ಹಸು ಅಂಬಾ ಎಂದಿತು.

ಅತ್ತೆ ತಲೆಯೆತ್ತಿದರು. “ಯಾರ್ನ ಕರೀತಿದ್ದೀಯಾ? ಅದ್ನಾ, ನನ್ನಾ?”

ಅದಕ್ಕೆ ಮಾವನ ಹತ್ತಿರ ಬಟನ್ ಇರಲಿಲ್ಲ. ಅವರು ಬಗ್ಗಿ, ಫೋನನ್ನು ಅತ್ತೆಯ ಕಿವಿಯ ಹತ್ತಿರ ಹಿಡಿದು, ಅದನ್ನೇ ಇನ್ನೊಂದು ಸಲ ಒತ್ತಿದರು. ಹಸು ಮತ್ತೆ ಕೂಗಿತು. ಯಾರೂ ಅದರ ಕಡೆ ತಿರುಗಲಿಲ್ಲ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. “ಮುದ್ದೆ ಆರೋಗೈತೇನೋ ನೋಡವ್ವಾ” ಎಂದು ನನಗೆ ಹೇಳಿ, ಚಪ್ಪಲಿ ಆಚೆ ಬಿಟ್ಟು ಒಳಗೆ ಬಂದರು.