ಟೇಪಿಗೆ ಬಾಯಿಲ್ಲ

ನಮ್ಮದು ಶಾಲೆಯ ಪಕ್ಕದಲ್ಲಿ ಒಂದೇ ಬಾಗಿಲಿನ ಹೊಲಿಗೆ ಅಂಗಡಿ. ಮಷೀನು ನನ್ನ ಹೆಂಡತಿಯದು, ಮಾತೂ ಅವಳದೇ. ಇಸ್ತ್ರಿ ಮಾತ್ರ ನನ್ನದು. ಮಕ್ಕಳ ಯೂನಿಫಾರಂ ಎಲ್ಲ ಅವಳೇ ಹೊಲಿಯುತ್ತಾಳೆ. ಅವಳನ್ನು ಅವರು ಟೇಪ್ ಆಂಟಿ ಅನ್ನುತ್ತಾರೆ. ಅಳತೆ ಟೇಪು ಅವಳ ಕೊರಳಿನಿಂದ ಇಳಿಯುವುದೇ ಇಲ್ಲ. ನಾದಿನಿಯ ಮದುವೆಗೂ ಹಾಕಿಕೊಂಡೇ ಬಂದಿದ್ದಳು. ಫೋಟೋದಲ್ಲಿದೆ.

ಮಗಳ ಶಾಲೆಯ ಪಾಠ ಬರುವುದು ಹೆಂಡತಿಯ ಫೋನಿಗೆ. ಹಾಗಾಗಿ ಏಳನೇ ಕ್ಲಾಸಿನವರು ಟೀಚರಿಗೆ ತಿಳಿಯದಂತೆ ಒಂದು ಗ್ರೂಪು ಮಾಡಿದಾಗ, ಮಗಳು ಅಂದುಕೊಂಡು ಅಮ್ಮನನ್ನು ಸೇರಿಸಿಕೊಂಡರು. ಮಗಳು ಜ್ವರ ಬಂದು ಮಲಗಿದ್ದಳು.

ಒಂದು ಸಂಜೆ ಫೋನು ಬಿಡದೆ ಸದ್ದು ಮಾಡಿತು. ತೆಗೆದರೆ ಕ್ಲಾಸಿನ ಒಬ್ಬ ಹುಡುಗಿಯ ಫೋಟೋ. ಅವಳ ಅಗಲವಾದ ಸ್ಕರ್ಟಿಗೆ ಸುತ್ತ ಗೂಟ, ಹಗ್ಗ ಬರೆದಿದ್ದರು. ಕೆಳಗೆ, ‘ಡೇರೆ ಬಾಡಿಗೆಗಿದೆ.’ ಅದರ ಕೆಳಗೆ ಸಾಲು ಸಾಲು ನಗುವ ಮುಖಗಳು.

"ರೀ, ನನ್ನ ಹೊಲಿಗೆಗೆ ಡೇರೆ ಅಂತಾವಲ್ರೀ! ಗೇಣುದ್ದ ಇಲ್ಲ, ಮಾತು ಮಾರುದ್ದ! ಬೆಳೆಯೋ ಮಗು, ಸಡಿಲ ಇರ್ಲಿ ಅಂತ ಅವಳಮ್ಮನೇ ಹೇಳಿ ಹೊಲಿಸಿದ್ದು."

ಅದನ್ನೇ ಬರೆಯಲು ಕೂತಳು. ಅವಳು ಟೈಪ್ ಮಾಡುವುದು ಬಹಳ ನಿಧಾನ. ಒಳ್ಳೆಯದೇ ಆಯಿತು. ಅಷ್ಟರಲ್ಲಿ ಆ ಹುಡುಗಿಯೇ ಸ್ಕರ್ಟು ಹಿಡಿದುಕೊಂಡು ಬಂದಳು.

"ಆಂಟಿ, ಇದನ್ನ ಚಿಕ್ಕದು ಮಾಡ್ಕೊಡಿ. ಇಲ್ಲಾಂದ್ರೆ ನಾನಿನ್ನು ಸ್ಕೂಲಿಗೆ ಹೋಗಲ್ಲ."

"ಎಷ್ಟು ಚಿಕ್ಕದು ಮಾಡ್ಲಿ ಪುಟ್ಟಿ?"

"ನಾನು ಯಾರಿಗೂ ಕಾಣಿಸ್ಬಾರ್ದು, ಅಷ್ಟು."

ಹೆಂಡತಿ ಫೋನು ಕೆಳಗಿಟ್ಟಳು. "ಇಲ್ಲಿಟ್ಟು ಹೋಗು. ಬೆಳಿಗ್ಗೆ ಬಂದು ಇಲ್ಲೇ ಹಾಕ್ಕೋ" ಅಂದಳು. ಹುಡುಗಿ ಹೋದ ಮೇಲೆ, "ಇದು ಹೊಲಿಗೆ ವಿಷಯ ಅಲ್ಲ ಕಣ್ರೀ" ಅಂದಳು.

ಫೋಟೋ ಹಾಕಿದವನು ಕ್ಲಾಸಿನ ಕ್ಯಾಪ್ಟನ್. ಆಟದ ದಿನ ಇವನ ಪ್ಯಾಂಟು ಹಿಂದೆ ಹರಿದು, ಗೋಡೆಗೆ ಬೆನ್ನು ಒತ್ತಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ ನಮ್ಮ ಅಂಗಡಿಗೆ ಬಂದಿದ್ದ. ಹೊಲಿದು ಕಳಿಸಿದ್ದಳು.

"ಏಡಿ ಕಥೆ ಈಗ್ಲೇ ಎಲ್ಲರಿಗೂ ಹೇಳ್ಬಿಡ್ತೀನಿ" ಅಂತ ವಾಯ್ಸ್ ಮೆಸೇಜ್ ಕಳಿಸಲು ಫೋನನ್ನು ಬಾಯಿ ಹತ್ತಿರ ಹಿಡಿದಳು.

"ನೀನೂ ಡೇರೆ ಹಾಕ್ತೀಯಾ?" ಅಂದೆ.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡಳು.

"ಮಕ್ಕಳೇ, ನಾನು ಟೇಪ್ ಆಂಟಿ. ಯಾರದು ಎಲ್ಲಿ ಹರೀತು, ಯಾರದು ಎಷ್ಟು ಬಿಚ್ಚಿ ಸಡಿಲ ಮಾಡಿದೆ, ಈ ಟೇಪಿಗೆ ಎಲ್ಲಾ ಗೊತ್ತು. ಆದ್ರೆ ಟೇಪಿಗೆ ಬಾಯಿಲ್ಲ. ನಿಮಗಿದೆ, ಅದಕ್ಕೆ ಒಂದೆರಡು ಹೊಲಿಗೆ ಹಾಕ್ಕೊಳ್ಳಿ. ಈ ಫೋಟೋ ನಾಳೆ ಟೀಚರಿಗೆ ತೋರಿಸ್ತೀನಿ. ಈಗ ಊಟ ಮಾಡಿ ಮಲ್ಕೊಳ್ಳಿ."

ಒಬ್ಬೊಬ್ಬರೇ ಗ್ರೂಪಿನಿಂದ ಜಾಗ ಖಾಲಿ ಮಾಡಿದರು.

ಬೆಳಿಗ್ಗೆ ಬಾಗಿಲು ತೆಗೆದರೆ ಕ್ಯಾಪ್ಟನ್ ನಿಂತಿದ್ದ. ಬೆನ್ನು ಗೋಡೆಗೇ.

"ಆಂಟಿ, ಫೋಟೋ ಅಳಿಸಿದೀನಿ. ಟೀಚರಿಗೆ ನನ್ನ ಪ್ಯಾಂಟಿಂದೂ ಹೇಳ್ತೀರಾ?"

"ಯಾವ ಪ್ಯಾಂಟು?"

ಅವನು ಅವಳ ಮುಖವನ್ನೇ ನೋಡಿದ. ಕಣ್ಣು ತುಂಬಿತು.

"ಫೋಟೋದ್ದು ಟೀಚರಿಗೆ ನೀನೇ ಹೇಳು, ನಾನೂ ಜೊತೆಗೆ ಬರ್ತೀನಿ. ಮೊದಲು ಅವಳಿಗೆ ಹೇಳು."

ಅಷ್ಟರಲ್ಲಿ ಹುಡುಗಿಯೂ ಬಂದಿದ್ದಳು. ಅವನು ನೆಲ ನೋಡುತ್ತ "ತಪ್ಪಾಯ್ತು" ಅಂದ.

"ಏನು? ಕೇಳಿಸ್ಲಿಲ್ಲ" ಅಂದಳು ಹುಡುಗಿ.

"ಜೋರಾಗಿ ಹೇಳೋ, ಮಷೀನು ಸದ್ದು" ಅಂದಳು ನನ್ನ ಹೆಂಡತಿ. ಮಷೀನು ಇನ್ನೂ ಶುರುವಾಗಿರಲೇ ಇಲ್ಲ.

ಅವನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಹುಡುಗಿ ಸ್ಕರ್ಟು ತೆಗೆದುಕೊಂಡು ನೋಡಿದಳು.

"ಚಿಕ್ಕದು ಮಾಡೇ ಇಲ್ವಲ್ಲ ಆಂಟಿ!"

"ನಾನ್ಯಾಕೆ ಚಿಕ್ಕದು ಮಾಡ್ಲಿ? ನೀನು ದೊಡ್ಡವಳಾಗು."

ಹುಡುಗಿ ಒಳಗೆ ಹೋಗಿ ಹಾಕಿಕೊಂಡು ಬಂದಳು. ಮೂವರೂ ಶಾಲೆಗೆ ಹೊರಟರು. ಮುಂದೆ ಹುಡುಗಿ, ನಡುವೆ ಕ್ಯಾಪ್ಟನ್, ಹಿಂದೆ ಕೊರಳಲ್ಲಿ ಟೇಪು ಹಾಕಿಕೊಂಡ ನನ್ನ ಹೆಂಡತಿ. ಗೇಟಿನ ಹತ್ತಿರ ಹುಡುಗಿ ಒಮ್ಮೆ ನಿಂತಳು. ಆಮೇಲೆ ಸ್ಕರ್ಟು ಕೊಡವಿಕೊಂಡು ಒಳಗೆ ಹೋದಳು.

ಹೆಂಡತಿ ಅಲ್ಲಿಂದಲೇ ಕೂಗಿದಳು: "ನೋಡಿದ್ರಾ ನೆರಿಗೆ ಹೆಂಗೆ ನಿಂತಿದೆ! ಹೊಲಿಗೆ ಅಂದ್ರೆ ಅದು!"

"ಇಸ್ತ್ರಿ ನಂದು" ಅಂದೆ. ಅವಳಿಗೆ ಕೇಳಿಸಲಿಲ್ಲ.