ಬನಹಟ್ಟಿಯ ಇಯರ್‌ಫೋನು, ಗಲಗಲಿಯ ಕಿವಿ

ಬೆಳಗಿನ ಜಾವ. ಬನಹಟ್ಟಿಯ ಈ ಓಣಿಯಲ್ಲಿ ರಾತ್ರಿ ಪಾಳಿಯ ಮಗ್ಗಗಳು ಈಗಷ್ಟೇ ನಿಂತಿವೆ. ಬೆಳಗಿನ ಪಾಳಿ ಶುರುವಾಗುವವರೆಗೆ ಸಿಗುವ ಈ ಚೂರು ಹೊತ್ತಿನಲ್ಲೇ ಸಿದ್ದಾರೂಢ ಅವರ ಮುಖ್ಯ ಕೆಲಸ ಆಗಬೇಕು. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಸದ್ದು ತಡೆಯಲು ಹಳೆಯ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದಾರೆ. ನಡುವೆ ಚಾಪೆಯ ಮೇಲೆ ಅವರ ಹೆಂಡತಿ ರಾಜಶ್ರೀ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದಾರೆ. ಮೊಬೈಲಿನಲ್ಲಿ ಅವರ ತವರೂರು ಗಲಗಲಿಯ ಭಜನಾ ಮೇಳದ ಹಾಡು, ಜೊತೆಗೆ ಕಂಚಿನ ತಾಳಗಳು. ಎದುರಿಗೆ ಕುಳಿತ ಸಿದ್ದಾರೂಢ ಆಕೆಯ ಹುಬ್ಬನ್ನೇ ನೋಡುತ್ತಿದ್ದಾರೆ. ಹುಬ್ಬು ಗಂಟಿಕ್ಕಿದರೆ ಕೆಲಸ ಇನ್ನೂ ಬಾಕಿ ಇದೆ ಎಂದೇ ಲೆಕ್ಕ.

ಗಂಟಿಕ್ಕುತ್ತದೆ.

"ತಾಳ ಇನ್ನೂ ಚುಚ್ಚಾಕತ್ತಾವ್ರಿ. ಇನ್ನೊಂದು ಬಿಲ್ಲಿ ಹಾಕ್ರಿ," ಎನ್ನುತ್ತಾರೆ ರಾಜಶ್ರೀ.

ಸಿದ್ದಾರೂಢ ಚಿಮುಟದಿಂದ ತೆಳು ರೇಷ್ಮೆಯ ಒಂದು ಬಿಲ್ಲೆ ಎತ್ತಿಕೊಳ್ಳುತ್ತಾರೆ. ಮಸೂರಿ ಬೇಳೆಗಿಂತಲೂ ಚಿಕ್ಕದು. ಅದನ್ನು ಇಯರ್‌ಫೋನಿನ ಬಾಯಿಗೆ ಕೂರಿಸಿ ಮತ್ತೆ ಆಕೆಗೆ ಕೊಡುತ್ತಾರೆ. ಹೊರಬರುವ ಶಬ್ದದ ಹರಿತ ತಗ್ಗುವುದು ಈ ಬಿಲ್ಲೆಯಿಂದ. ಈ ಸಲ ರಾಜಶ್ರೀಯ ಹುಬ್ಬು ಸಡಿಲಾಗುತ್ತದೆ. "ಈಗ ಛಲೋ ಆತು." ಆಮೇಲೆ ಸಿದ್ದಾರೂಢ ಅದನ್ನು ತಮ್ಮ ಕಿವಿಗೂ ಹಾಕಿಕೊಂಡು ಹಾಡು ಮುಗಿಯುವ ತನಕ ಕೇಳಿ, ತೆಗೆದು ಒರೆಸಿ ಡಬ್ಬಿಯಲ್ಲಿಡುತ್ತಾರೆ. "ನನಗ ಆಗಿಂದೂ ಈಗಿಂದೂ ಎಲ್ಲಾ ಒಂದ ಕೇಳಿಸ್ತೈತ್ರಿ," ಎನ್ನುತ್ತಾರೆ.

ಇಯರ್‌ಫೋನು ಮಾಡಿ ಮಾರುವವರ ಬಾಯಿಂದ ಬರಬಾರದ ಮಾತು ಇದು. ಅದೂ ಇವರ ಗಿರಾಕಿಗಳು ಸಾಮಾನ್ಯರಲ್ಲ. ಒಂದು ವೈರಿನ ಗುಣದ ಬಗ್ಗೆ ವಾರಗಟ್ಟಲೆ ಜಗಳವಾಡಬಲ್ಲ ಆಡಿಯೋ ಹುಚ್ಚರು. ಅಂಥವರಿಗಾಗಿ ಕೈಯಿಂದ ಇಯರ್‌ಫೋನು ಕಟ್ಟುವ ಈ ನಲವತ್ಮೂರರ ಮನುಷ್ಯನಿಗೆ ತನ್ನ ಸರಕು ಚೆನ್ನಾಗಿದೆಯೋ ಇಲ್ಲವೋ ತನ್ನ ಕಿವಿಯಿಂದ ತಿಳಿಯದು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಗೋಡೆಯಾಚೆಗೇ ಇದೆ. ಹದಿನಾರಕ್ಕೆ ಸಾಲಿ ಬಿಟ್ಟು ಪವರ್‌ಲೂಮಿನ ಶೆಡ್ಡಿಗೆ ಕಾಲಿಟ್ಟವರು ಸಿದ್ದಾರೂಢ. ಮೊದಲು ಸೀರೆ ನೇಯ್ದರು, ಆಮೇಲೆ ಮಗ್ಗ ರಿಪೇರಿ ಕಲಿತರು. ಕೆಟ್ಟ ಮಗ್ಗದ ಹೊಟ್ಟೆಗೆ ತಲೆ ಹಾಕಿ ಎಲ್ಲಿ ಕಟಕಟ ಅನ್ನುತ್ತಿದೆ ಎಂದು ಹುಡುಕುವ ಕೆಲಸ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದನ್ನೇ ಮಾಡಿದರು. ಮಗ್ಗದ ಸದ್ದಿನಲ್ಲಿ ಅಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ. ಕೈಸನ್ನೆ, ತುಟಿ ನೋಡಿ ತಿಳಿದುಕೊಳ್ಳುವುದು. ಹೊರಗೆ ಬಂದ ಮೇಲೂ ಎಲ್ಲರದೂ ಏರಿದ ದನಿಯೇ. ಹೀಗಿರುವ ಊರಿನಲ್ಲಿ ಒಬ್ಬನ ಕಿವಿ ಸವೆಯುತ್ತಿದ್ದರೆ ಪಕ್ಕದವನಿಗಿರಲಿ, ಅವನಿಗೂ ಗೊತ್ತಾಗುವುದಿಲ್ಲ.

ಹಾಡಿನ ಹುಚ್ಚು ಮಾತ್ರ ಮೊದಲಿನಿಂದಲೂ ಇತ್ತು. ಓಣಿಯ ಕೆಟ್ಟ ಟೇಪ್‌ರೆಕಾರ್ಡರುಗಳೆಲ್ಲ ಇವರ ಮನೆಗೇ ಬರುತ್ತಿದ್ದವು. ಮುರಿದ ಇಯರ್‌ಫೋನು ಬಿಚ್ಚಿ, ಒಳಗಿನ ಪುಟ್ಟ ಸ್ಪೀಕರನ್ನು ಮಗ್ಗದಲ್ಲಿ ನೂಲು ಹೊತ್ತು ಓಡುವ ಲಾಳಿಯ ಕಟ್ಟಿಗೆಯಲ್ಲಿ ಕೊರೆದ ಗೂಡಿಗೆ ಕೂರಿಸಿ ನೋಡಿದ್ದು ಆರು ವರ್ಷದ ಹಿಂದೆ. ಶಬ್ದ ಬೇರೆಯೇ ಆಯಿತಂತೆ. ಬೀಳಗಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಗೆಳೆಯ ಸಂಜಯ ಅದರಲ್ಲಿ ಒಂದೇ ಹಾಡು ಕೇಳಿ ದಂಗಾದರು. ಅವರೂ ಇದೇ ಹುಚ್ಚಿನವರು. "ಸಿದ್ದಾರೂಢಣ್ಣ, ಇದನ್ನ ಮಾರಬೇಕು," ಎಂದರು. ಹೆಸರೂ ಅಲ್ಲೇ ಹುಟ್ಟಿತು: ಲಾಳಿ.

ಮಾರುವುದು ಹೇಗೆ ಎಂಬುದೇ ದೊಡ್ಡ ಕಥೆ. ಮೊದಲು ಮುಧೋಳದಲ್ಲಿ ಪರಿಚಯದ ಪ್ರಭುಲಿಂಗ ಅವರ ಮೊಬೈಲ್ ಅಂಗಡಿಯ ಕೌಂಟರಿನ ಮೇಲೆ ಒಂದು ಲಾಳಿ ಇಟ್ಟರು, ಬಂದವರು ಕೇಳಿ ನೋಡಲಿ ಎಂದು. ಬಂದವರು ವೈರನ್ನು ಎತ್ತಿ ಹಿಡಿದು, "ಬ್ಲೂಟೂತ್ ಇಲ್ಲೇನ್ರಿ?" ಎಂದು ಕೇಳಿ ಕೆಳಗಿಟ್ಟರು. ಒಬ್ಬ ಗಿರಾಕಿ ಇದು ಕಿವುಡರ ಮಷಿನ್ನೇ ಎಂದು ವಿಚಾರಿಸಿದ. ತಿಂಗಳಾದ ಮೇಲೆ ಪ್ರಭುಲಿಂಗ ಅದನ್ನು ಕಾಗದದಲ್ಲಿ ಸುತ್ತಿ ಮರ್ಯಾದೆಯಿಂದ ವಾಪಸು ಕೊಟ್ಟರು.

ದೊಡ್ಡ ಕಂಪನಿಗಳಿಗೆ ಸಿನಿಮಾ ನಟರಿದ್ದಾರೆ, ಕ್ರಿಕೆಟ್ ಇದೆ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಇದೆ. ಕೋಣೆಯಲ್ಲಿ ಕುಳಿತು ಕೈಯಿಂದ ಮಾಡುವವನಿಗೆ ಇರುವುದು ಒಂದೇ ದಾರಿ. ಕೇಳುವ ಹುಚ್ಚು ಹಿಡಿದವರ ಮುಂದೆ ಸರಕು ಇಟ್ಟು, ನೀವೇ ಹೇಳಿ ಎಂದು ಕೈಕಟ್ಟಿ ನಿಲ್ಲುವುದು. ಇಂಥವರದೇ ಗುಂಪುಗಳು ಮೊಬೈಲಿನಲ್ಲಿವೆ. ತಯಾರಕ ಒಂದು ಮಾದರಿಯನ್ನು ಕೊರಿಯರಿನಲ್ಲಿ ಕಳಿಸುತ್ತಾನೆ. ಪುಣೆಯವರು ಒಂದು ವಾರ ಇಟ್ಟುಕೊಂಡು ಕೇಳಿ, ಅಭಿಪ್ರಾಯ ಬರೆದು ನಾಗಪುರಕ್ಕೆ ಕಳಿಸುತ್ತಾರೆ. ಅಲ್ಲಿಂದ ಚೆನ್ನೈ, ಅಲ್ಲಿಂದ ಕೊಚ್ಚಿ. ಯಾರೂ ಅದನ್ನು ಜೇಬಿಗಿಳಿಸುವುದಿಲ್ಲ, ಯಾರೂ ಮುಲಾಜು ನೋಡುವುದಿಲ್ಲ. ಆ ಲೋಕದ ಮರ್ಯಾದೆ ಅದು. ಕಟ್ಟುನಿಟ್ಟಿನ ಒಬ್ಬ ಮನುಷ್ಯ ಚೆನ್ನಾಗಿದೆ ಎಂದು ಎರಡು ಸಾಲು ಬರೆದರೂ ಸಣ್ಣ ತಯಾರಕ ಗೆದ್ದ.

ಲಾಳಿ ಹೊರಟಿತು. ಮರದ ಪುಟ್ಟ ಪೆಟ್ಟಿಗೆ, ಒಳಗೆ ಸೀರೆಯ ಅಂಚಿನಿಂದ ರಾಜಶ್ರೀ ಹೊಲಿದ ಚೀಲ. ಪೆಟ್ಟಿಗೆಯನ್ನು ಎಲ್ಲರೂ ಹೊಗಳಿದರು, ಚೀಲವನ್ನು ಇನ್ನೂ ಹೊಗಳಿದರು. ಶಬ್ದದ ಬಗ್ಗೆ ಪುಣೆಯವರು ಮಾತು ತೇಲಿಸಿದರು. ನಾಗಪುರದವರು, ಚೆನ್ನೈಯವರು ಸ್ವಲ್ಪ ಹರಿತವಾಗಿದೆ ಎಂದಷ್ಟೇ ಬರೆದರು. ಕೊನೆಗೆ ಕೊಚ್ಚಿಯವರು ಬರೆದರು. ಅವರ ನಿಜವಾದ ಹೆಸರು ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲ. ಸಿದ್ದಾರೂಢ ಇಂದಿಗೂ ಕೊಚ್ಚಿ ಸಾಹೇಬ್ರು ಎಂದೇ ಕರೆಯುವುದು. ಅವರ ಬರಹವನ್ನು ಸಂಜಯ ತಡವರಿಸುತ್ತಲೇ ಕನ್ನಡದಲ್ಲಿ ಓದಿ ಹೇಳಿದರು: "ಕೈಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ಹತ್ತು ನಿಮಿಷ ಕೇಳಿದರೆ ತಲೆ ಸಿಡಿಯುತ್ತದೆ. ಮೇಲಿನ ಸ್ವರಗಳನ್ನು ಇಷ್ಟು ಹರಿತ ಮಾಡಿದವರು ತಮ್ಮ ಕಿವಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು."

ಸಿದ್ದಾರೂಢರಿಗೆ ಮೈಯೆಲ್ಲ ಉರಿದುಹೋಯಿತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಜಮಖಂಡಿಯ ಬಸ್ಸು ಹತ್ತಿದರು. "ನನ್ನ ಕಿವಿ ಛಲೋ ಐತಿ ಅಂತ ಡಾಕ್ಟರ್ ಕಡಿಂದ ಬರಸ್ಕೊಂಡು ಬಂದು ಅವರ ಬಾಯಿ ಮುಚ್ಚಸಬೇಕಂತ ಹೋಗಿದ್ದೆ ನೋಡ್ರಿ," ಎಂದು ಈಗ ಹೇಳುತ್ತಾರೆ.

ಅಲ್ಲಿನ ಖಾಸಗಿ ದವಾಖಾನೆಯಲ್ಲಿ ಕಿವಿ ಪರೀಕ್ಷೆ ಮಾಡುವ ಮಹಿಳೆ ಅವರನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಶಬ್ದ ಕೇಳಿದಾಗೆಲ್ಲ ಒತ್ತಬೇಕು. ಮೊದಮೊದಲು ದಪ್ಪ ದನಿಗಳು ಬಂದವು, ಒತ್ತಿದರು. ಆಮೇಲೆ ಏನೂ ಬರಲಿಲ್ಲ. ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಕಾದರು. "ಮಷಿನ್ ನಿಂತೈತಿ, ಮತ್ತ ಚಾಲೂ ಮಾಡ್ತಾರ ಅಂತ ಕುಂತಿದ್ದೆ. ಬಾಗಿಲಾ ತಗದು ಆ ಬಾಯಾರು ಮುಗೀತು ಬರ್ರಿ ಅಂದ್ರು. ಮುಗೀತು ಅಂದ್ರ ಹೆಂಗ್ರಿ, ಇನ್ನೂ ಶುರುನ ಆಗಿಲ್ಲಲ ಅಂದೆ."

ಎತ್ತರದ ಸ್ವರಗಳನ್ನು ಹಿಡಿಯುವ ಶಕ್ತಿ ಎರಡೂ ಕಿವಿಗಳಲ್ಲಿ ಬಹುಪಾಲು ಹೋಗಿದೆ, ಮಗ್ಗದ ಸದ್ದಿನಿಂದ ಆದದ್ದು, ಮರಳಿ ಬರುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಬಸ್ಸಿನಲ್ಲಿ ಮರಳುವಾಗ ಸಿದ್ದಾರೂಢರಿಗೆ ಒಂದೊಂದೇ ಹೊಳೆಯತೊಡಗಿತು. ಭಜನೆಯ ತಾಳ ತಮಗೆ ಮಂದವಾಗಿ ಕೇಳುತ್ತಿತ್ತು. ಮಂದವಾಗಿದೆ ಎಂದು ಅದನ್ನು ಏರಿಸುತ್ತಾ ಹೋದರು. ತಮಗೆ ಸರಿಹೋಗುವ ಹೊತ್ತಿಗೆ ಉಳಿದವರ ಪಾಲಿಗೆ ಅದು ಸೂಜಿಯಾಗಿತ್ತು. ಲಾಳಿಯನ್ನು ಅವರು ಬಹಳ ಚೆನ್ನಾಗಿಯೇ ಮಾಡಿದ್ದರು, ತಮ್ಮ ಕಿವಿಯೊಂದಕ್ಕೆ.

ಲಾಳಿ ಚುಚ್ಚುತ್ತದೆ ಎಂಬುದು ರಾಜಶ್ರೀಗೆ ಮೊದಲೇ ಗೊತ್ತಿತ್ತು. "ಮೊದಲ್ನೇದ್ದು ಮಾಡಿದಾಗ ನನಗ ಕೊಟ್ಟಿದ್ರು. ಚುಚ್ಚತೈತಿ ಅಂದೆ. ನಿನಗ ಹಾಡು ತಿಳಿಯಂಗಿಲ್ಲ ಅಂದ್ರು. ನಾನೂ ಖರೇನ ಇರಬೇಕು ಬಿಡು ಅಂತ ಸುಮ್ನಾದೆ." ಆಕೆ ಬೆಳೆದದ್ದು ಕೃಷ್ಣೆಯ ದಂಡೆಯ ಗಲಗಲಿಯಲ್ಲಿ, ಹೊಲದ ನಡುವಿನ ಮನೆಯಲ್ಲಿ. ಬನಹಟ್ಟಿಗೆ ಸೊಸೆಯಾಗಿ ಬಂದ ಮೇಲೂ ಶೆಡ್ಡಿನೊಳಗೆ ಕಾಲಿಟ್ಟವರಲ್ಲ, ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಆ ದಿನದಿಂದ ಲಾಳಿಗೆ ಅವರದೇ ಕಿವಿ. ಸಂಜಯ ಶಬ್ದ ಅಳೆಯುವ ಮೈಕೊಂದನ್ನೂ ತಂದುಕೊಟ್ಟಿದ್ದಾರೆ. ಅದು ಗೆರೆ ಎಳೆದು ತೋರಿಸುತ್ತದೆ. ಕೇಳಿದರೆ ಹಿತವಾಗುತ್ತದೋ ಇಲ್ಲವೋ ಅದಕ್ಕೇನು ಗೊತ್ತು. ಅರ್ಧ ವರ್ಷ ಹೆಂಡತಿ ಕೇಳಿದರು, ಗಂಡ ಬಿಲ್ಲೆ ಬದಲಿಸಿದರು. ಹೊಸ ಲಾಳಿ ತಯಾರಾಯಿತು.

ಇಲ್ಲಿಂದ ಮುಂದಿನದನ್ನು ಅನೇಕರು ಗೆಲುವು ಎಂದೇ ಕರೆಯುತ್ತಾರೆ. ಹೊಸ ಲಾಳಿಯನ್ನು ಗುಂಪಿಗೆ ಪರಿಚಯಿಸುವಾಗ ಸಂಜಯ, ಒಳ್ಳೆಯ ಮನಸ್ಸಿನಿಂದಲೇ, ಇಡೀ ಕಥೆಯನ್ನು ಬರೆದುಬಿಟ್ಟರು. ಕಿವಿ ಕಳೆದುಕೊಂಡರೂ ಕೈ ಸೋಲದ ನೇಕಾರ ಎಂದು ಬರೆದರು. ಅದು ಗುಂಪಿನಿಂದ ಗುಂಪಿಗೆ ಹಾರಿತು. ವಿಡಿಯೋ ಚಾನಲ್ಲಿನವರು ಬಂದರು. ಸಿದ್ದಾರೂಢ ಮಗ್ಗದ ಕೆಲಸ ಬಿಟ್ಟು ಎಷ್ಟೋ ದಿನವಾಗಿತ್ತು. ಪಕ್ಕದ ಮನೆಯ ಕರೆಪ್ಪ ಅವರ ಮಗ್ಗದ ಮುಂದೆ ಇವರನ್ನು ನಿಲ್ಲಿಸಿ, ಕಿವಿಯ ಮೇಲೆ ಕೈ ಇಡಿಸಿ ಚಿತ್ರ ತೆಗೆದರು. ಲಾಳಿಯನ್ನು ಕಿವಿಗೆ ಹಾಕಿಕೊಂಡು ನೋಡಿ ಎಂದು ರಾಜಶ್ರೀ ಎರಡು ಸಲ ಹೇಳಿದರು. ಬಂದವರಿಗೆ ಬೆಳಕು ಹೋಗುವ ಅವಸರ.

ಮಾಡಿಟ್ಟದ್ದೆಲ್ಲ ಒಂದೇ ವಾರದಲ್ಲಿ ಮಾರಿಹೋಯಿತು. ಮತ್ತೆ ಮಾಡಿದರು, ಅದೂ ಹೋಯಿತು. ಸಿದ್ದಾರೂಢ ಹಿಗ್ಗಿದ್ದು ನಿಜ. ಕೊಂಡವರಿಗೆಲ್ಲ ಸಂಜಯರಿಂದ ಒಂದೇ ಪ್ರಶ್ನೆ ಬರೆಸಿದರು: ತಾಳ ಹೇಗೆ ಕೇಳುತ್ತದೆ? ಉತ್ತರಗಳು ಬಂದವು. ನಿಮ್ಮ ಕಥೆ ಓದಿ ಕಣ್ಣು ತುಂಬಿ ಬಂತು. ನಿಮ್ಮಂಥವರಿಗೆ ನಮ್ಮದೊಂದು ಸಣ್ಣ ನೆರವು. ಪೆಟ್ಟಿಗೆಯನ್ನು ಪಡಸಾಲೆಯ ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೇವೆ. ತಾಳದ ಸುದ್ದಿ ಯಾರೂ ಎತ್ತಲಿಲ್ಲ. ಒಬ್ಬರು ಮಾತ್ರ ಪೆಟ್ಟಿಗೆಯ ಮೂಲೆ ಒಡೆದಿದೆ, ಬದಲಿಸಿ ಕೊಡಿ ಎಂದು ಇಡೀ ಪಾರ್ಸೆಲ್ ವಾಪಸು ಕಳಿಸಿದರು. ಬಿಚ್ಚಿ ನೋಡಿದರೆ ಚೀಲದ ಬಾಯಿಗೆ ರಾಜಶ್ರೀ ಹಾಕಿದ್ದ ಹೊಲಿಗೆ ಹಾಗೇ ಇತ್ತು. ದಾರ ಕತ್ತರಿಸದೆ ಇಯರ್‌ಫೋನು ಹೊರಗೆ ಬರುವುದೇ ಇಲ್ಲ. ಆ ಚೀಲವನ್ನು ಸಿದ್ದಾರೂಢ ಹಾಗೇ ತಂದು ನನ್ನ ಮುಂದಿಟ್ಟರು ಎಂದು ಸಂಜಯ ನೆನೆಯುತ್ತಾರೆ. "ನಾನು ಬರೀಬಾರದಿತ್ತು," ಎಂದೂ ಸೇರಿಸುತ್ತಾರೆ.

ಹಾಗಾದರೆ ಹಳೆಯ ಪದ್ಧತಿಯೇ ಸರಿ ಎಂದು ಹೊಸ ಲಾಳಿಯನ್ನು ಮತ್ತೆ ಊರೂರು ಸುತ್ತಲು ಕಳಿಸಿದರು. ಈ ಸಲ ಪುಣೆ, ನಾಗಪುರ, ಚೆನ್ನೈ ಎಲ್ಲ ಕಡೆಯಿಂದಲೂ ಪಾರ್ಸೆಲ್ ಕೈಸೇರಿದ ದಿನವೇ ಹೊಗಳಿಕೆ ಬಂತು. ಕೇಳಲು ಪುರುಸೊತ್ತಾದರೂ ಎಲ್ಲಿತ್ತು? ಕಿವಿ ಹೋದವನ ಸರಕಿಗೆ ಹೆಸರಿಡಲು ಯಾರಿಗೂ ಮನಸ್ಸಿಲ್ಲ. ಕೊಚ್ಚಿಯವರಂತೂ ತಮ್ಮ ಹಳೆಯ ಬರಹವನ್ನು ಅಳಿಸಿಯೇ ಹಾಕಿದ್ದಾರೆ. ಕಿವಿ ತೋರಿಸಿ ಎಂದು ಅಣಕಿಸಿದ್ದಕ್ಕೆ ನಾಚಿಕೆಯಾಗುತ್ತಿದೆ, ಇನ್ನು ನಿಮ್ಮ ಕೆಲಸದ ಬಗ್ಗೆ ತೀರ್ಪು ಕೊಡಲಾರೆ ಎಂದು ಕ್ಷಮೆ ಕೇಳಿ, ಪೆಟ್ಟಿಗೆ ತೆರೆಯದೆ ಹಿಂದಕ್ಕೆ ಕಳಿಸಿದ್ದಾರೆ.

ಈಗ ಕೊಳ್ಳುವವರ ಆ ಭರವೂ ಇಳಿದಿದೆ. ಜನರ ಕನಿಕರ ಬೇರೆ ಯಾವುದೋ ಊರಿನ ಬೇರೆ ಯಾವುದೋ ಕಥೆಯ ಕಡೆ ತಿರುಗಿಕೊಂಡಿದೆ. ಸಿದ್ದಾರೂಢ ವಾರಕ್ಕೆ ಒಂದೋ ಎರಡೋ ಲಾಳಿ ಕಟ್ಟುತ್ತಾರೆ, ಉಳಿದ ಹೊತ್ತು ಮತ್ತೆ ಸ್ಪ್ಯಾನರ್ ಹಿಡಿದು ಮಗ್ಗ ರಿಪೇರಿಗೆ ಹೋಗುತ್ತಾರೆ, ಇದ್ದಬದ್ದ ಕಿವಿಯನ್ನೂ ಸವೆಸಲು. ರಾಜಶ್ರೀಯ ಸಂಕಟ ಇನ್ನೊಂದು ಬಗೆಯದು. "ನಾ ಛಲೋ ಐತಿ ಅಂತೀನಿ, ಇವರು ಹೌದು ಅಂತಾರ. ನಾ ಹೇಳಿದ್ದು ಖರೆ ಐತೇನು ಅಂತ ಯಾರನ್ನ ಕೇಳೂದ್ರಿ? ನಾನ ತಪ್ಪಿದ್ರ ಇವರಿಗೆ ಗೊತ್ತ ಆಗಂಗಿಲ್ಲಲ್ರಿ." ಈ ಬರಹವೂ ಕೊನೆಗೆ ಒಂದಿಷ್ಟು ಕನಿಕರವನ್ನಷ್ಟೇ ತಂದುಕೊಟ್ಟರೆ ಅವರಿಗೆ ಆಶ್ಚರ್ಯವಾಗಲಿಕ್ಕಿಲ್ಲ.

ಓಣಿಯಲ್ಲಿ ಬೆಳಗಿನ ಪಾಳಿಯ ಮಗ್ಗಗಳು ಶುರುವಾಗಿವೆ. ಇನ್ನು ಕೇಳುವ ಕೆಲಸ ಆಗುವುದಿಲ್ಲ. ಏನಾಗಬೇಕು ನಿಮಗೆ ಎಂದು ಕೇಳಿದರೆ ಸಿದ್ದಾರೂಢ ಪ್ರಶ್ನೆಯನ್ನು ತುಟಿಯಿಂದಲೇ ಓದಿಕೊಂಡು, ಮಗ್ಗದ ಸದ್ದಿನ ಮೇಲೆ ದನಿ ಏರಿಸಿ ಉತ್ತರಿಸುತ್ತಾರೆ.

"ಕೊಚ್ಚಿ ಸಾಹೇಬ್ರಿಗೆ ಮೂರು ಸಲ ಬರಸೇನ್ರಿ, ಜವಾಬು ಇಲ್ಲ. ಅವರು ಇನ್ನೊಮ್ಮಿ ಕಿವ್ಯಾಗ ಹಾಕೋಬೇಕು, ಅಷ್ಟ. ಕೆಟ್ಟೈತಿ ಅಂದ್ರ ಕೆಟ್ಟೈತಿ ಅಂತ ಬರೀಲಿ, ತಲಿ ಸಿಡೀತು ಅಂತ ಬರೀಲಿ, ಮೊದಲಿನಕಿಂತ ಜಾಸ್ತಿ ಬೈಲಿ. ಇಷ್ಟು ಮಂದ್ಯಾಗ ನನ್ನ ಸಾಮಾನ ಖರೇನ ಕೇಳಿದಾವ್ರು ಅವರೊಬ್ರ ಅದಾರ್ರಿ."