ಕೂಗುವ ಬ್ರೇಕು

ನನ್ನ ಮಗಳು ಬ್ರೇಕು ಹಿಡಿದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಟಿ. ನರಸೀಪುರದಲ್ಲಿ ಹೊಳೆಯ ಕಡೆಗೆ ಇಳಿಯುವ ಬೀದಿ ನಮ್ಮದು. ಆ ಇಳಿಜಾರಿನಲ್ಲಿ ಅವಳ ಸೈಕಲ್ಲು ಕಿವಿ ಸೀಳುವ ಹಾಗೆ ಕಿರುಚಿಕೊಂಡು ಬರುತ್ತಿತ್ತು. ಕಿರುಚಿದ್ದಷ್ಟೇ ಬಂತು, ನಿಲ್ಲುತ್ತಿರಲಿಲ್ಲ. ಮನೆ ದಾಟಿ, ಮುಂದಿನ ಬೇವಿನ ಮರ ದಾಟಿ, ಅವಳು ಎರಡೂ ಕಾಲು ನೆಲಕ್ಕೆ ಉಜ್ಜಿದ ಮೇಲೆ ನಿಲ್ಲುತ್ತಿತ್ತು. ಎದುರು ಮನೆಯವರು ಬಾಗಿಲಿಗೆ ಬಂದು, “ಏನ್ಸಾ, ನಂಜನಗೂಡಿನ ಫ್ಯಾಕ್ಟ್ರಿ ಸೈರನ್ನ ಮನೇಗೇ ತಂದ್ಬುಟ್ರಾ?” ಎಂದು ನಗುತ್ತಿದ್ದರು. ನಗಲಿ. ಅವರ ಮನೆಯ ಮಕ್ಕಳು ಬೆಟ್ಟದಿಂದ ಇಳಿಯಬೇಕಾಗಿರಲಿಲ್ಲ.

ನನ್ನ ಮಗಳು ಇಳಿಯಬೇಕಿತ್ತು. ಮೈಸೂರಿನ ಬೆಟ್ಟದ ಹಿಂಬದಿಯ ಕಲ್ಲುಮಣ್ಣಿನ ದಾರಿಯಲ್ಲಿ ಮೌಂಟನ್ ಬೈಕ್ ಓಡಿಸುವ ಮಕ್ಕಳನ್ನು ರಾಜ್ಯದ ತಂಡಕ್ಕೆ ಆರಿಸುವವರಿದ್ದರು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಈ ಸಲ ಹೋದರೆ ಹೋಯಿತು. ಹಾಗೆಂದು ಬ್ರೇಕಿಲ್ಲದ ಸೈಕಲ್ಲು ಹತ್ತಿಸಿ ಹೆತ್ತ ಮಗಳನ್ನು ಬೆಟ್ಟದಿಂದ ಕೆಳಕ್ಕೆ ಬಿಡುವಷ್ಟು ಗಟ್ಟಿ ಎದೆ ನನಗಿರಲಿಲ್ಲ. “ಬ್ರೇಕು ಸರಿಯಾದ್ರೆ ಹೋಗು, ಇಲ್ದಿದ್ರೆ ಇಲ್ಲ” ಎಂದು ಹೇಳಿಬಿಟ್ಟೆ. “ನೀನು ಫಿಟ್ಟರ್ ಅಲ್ವಾಪ್ಪ, ನಿನ್ ಕೈಲಾಗದೆ ಇರುತ್ತಾ?” ಎಂದಳು ಅವಳು. ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ.

ನಾನು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಯಂತ್ರ ಕೂರಿಸಲು ಹೊರದೇಶದಿಂದ ಬಂದಿದ್ದ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಆ ಸೈಕಲ್ಲನ್ನು ನನ್ನ ಮಗಳಿಗೆಂದು ಬಿಟ್ಟುಹೋಗಿದ್ದರು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿದ್ದ ಆ ಕಾಲದಲ್ಲಿ ಅಂಥ ಸೈಕಲ್ಲನ್ನು ನಮ್ಮ ತಾಲ್ಲೂಕಿನಲ್ಲಿ ಯಾರೂ ಕಂಡಿರಲಿಲ್ಲ. ಅದರ ಬ್ರೇಕು ತಂತಿ, ರಬ್ಬರಿನದಲ್ಲ. ಚಕ್ರದ ನಡುವೆ ತೆಳ್ಳನೆಯ ಉಕ್ಕಿನ ಡಿಸ್ಕು, ಅದರ ಎರಡೂ ಮಗ್ಗುಲಿಗೆ ಪುಟ್ಟ ಪುಟ್ಟ ಪ್ಯಾಡು. ಹಿಡಿ ಒತ್ತಿದರೆ ಕೊಳವೆಯೊಳಗಿನ ಎಣ್ಣೆ ಆ ಪ್ಯಾಡುಗಳನ್ನು ತಳ್ಳುತ್ತದೆ, ಅವು ಡಿಸ್ಕನ್ನು ಕಚ್ಚಿ ಹಿಡಿಯುತ್ತವೆ. ಎಣ್ಣೆ ಕೊಳವೆಯೊಳಗೇ ಇರಬೇಕು, ಅಷ್ಟೇ ನೇಮ. ಡಿಸ್ಕಿಗೆ ತಾಗಿತೋ, ಪ್ಯಾಡು ಅದನ್ನು ಹೀರಿಕೊಂಡು ಕೆಡುತ್ತದೆ. ಆಮೇಲೆ ಬರೀ ಗಲಾಟೆ, ಹಿಡಿತವಿಲ್ಲ.

ಇದೆಲ್ಲ ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೇ ಸೋಲುತ್ತಿದ್ದೆ. ಮೊದಲು ಡಿಸ್ಕು ಸೊಟ್ಟಗಾಗಿದೆಯೇನೋ ಎಂದು ನೋಡಿದೆ, ಸೊಟ್ಟಗಿರಲಿಲ್ಲ. ಪ್ಯಾಡು ಹಿಡಿದಿರುವ ಭಾಗವನ್ನು ಸಡಿಲಿಸಿ, ನೇರ ಮಾಡಿ, ಮತ್ತೆ ಬಿಗಿದೆ. ಎಮರಿ ಕಾಗದದಲ್ಲಿ ಪ್ಯಾಡು ಉಜ್ಜಿದೆ, ಸೋಪಿನ ನೀರಲ್ಲಿ ಡಿಸ್ಕು ತೊಳೆದೆ. ಸಂಜೆ ಬ್ರೇಕು ಪರವಾಗಿಲ್ಲ ಎನ್ನಿಸುವಷ್ಟು ಹಿಡಿಯುತ್ತಿತ್ತು. ಬೆಳಿಗ್ಗೆ ಮಗಳು ತೆಗೆದುಕೊಂಡು ಹೋದರೆ ಅದೇ ಕಿರುಚಾಟ. ಕೂತು ನೋಡಿದರೆ ಡಿಸ್ಕಿನ ಮೇಲೆ ಜಿಡ್ಡು. ಎಲ್ಲಿಂದ ಬಂತು? ಒಳಗೆ ಎಣ್ಣೆ ತಡೆಯುವ ರಬ್ಬರ್ ಸೀಲು ಹೋಗಿ ಬ್ರೇಕಿನ ಎಣ್ಣೆ ಜಿನುಗುತ್ತಿದೆ, ಬೇರೆ ಏನಿರಲು ಸಾಧ್ಯ ಎಂದುಕೊಂಡೆ. ಔಷಧಿ ಅಂಗಡಿಯಿಂದ ಸಿರಿಂಜು ತಂದು ಹಳೆಯ ಎಣ್ಣೆಯನ್ನೆಲ್ಲ ಎಳೆದು, ಗಾಳಿ ಉಳಿಯದ ಹಾಗೆ ಹೊಸದು ತುಂಬಿದೆ. ಎಲ್ಲ ಬಿಚ್ಚಿ ಸೀಲನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಗೀರೂ ಕಾಣಲಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ಜಿಡ್ಡು! ಆ ಹಾಳು ಸೈಕಲ್ಲನ್ನು ಎತ್ತಿ ಹೊಳೆಗೆ ಎಸೆಯೋಣ ಅನ್ನಿಸಿಬಿಟ್ಟಿತು.

ನಾನು ಈ ಕೆಲಸ ಮಾಡುತ್ತಿದ್ದದ್ದು ಜಗಲಿಯ ಮೇಲೆ. ಸೈಕಲ್ಲು ನಿಲ್ಲುತ್ತಿದ್ದದ್ದೂ ಅಲ್ಲೇ, ನನ್ನ ಅಪ್ಪ ಮಲಗುತ್ತಿದ್ದದ್ದೂ ಅಲ್ಲೇ. ತಲಕಾಡಿನ ಕಡೆಯಿಂದ ಆಲೆಮನೆಗಳಿಗೆ ಕಬ್ಬು ಹೊಡೆಯುತ್ತ, ಎತ್ತಿನ ಗಾಡಿಯ ಮೇಲೇ ಆಯಸ್ಸು ಸವೆಸಿದವರು ಅವರು. ಮೊಮ್ಮಗಳೆಂದರೆ ಜೀವ. ಬ್ರೇಕು ಕಿರುಚಿದಾಗಲೆಲ್ಲ ತಮಗೇ ಏಟು ಬಿದ್ದ ಹಾಗೆ ಮುಖ ಕಿವುಚುತ್ತಿದ್ದರು.

“ಇಂಗೆ ಅರಚ್ಕತ್ತದಲ್ಲ, ಏನಾರ ಮಾಡ್ಲಾ” ಎನ್ನುತ್ತಿದ್ದರು.

“ಅದನ್ನೇ ಮಾಡ್ತಾ ಇವ್ನಿ ಕಣಪ್ಪ, ನೀನ್ ವಸಿ ಸುಮ್ನಿರು” ಎಂದು ನಾನು ಸಿಡುಕುತ್ತಿದ್ದೆ.

ಹೊಸ ಪ್ಯಾಡಿಗಾಗಿ ಮೈಸೂರಿನ ಸೈಕಲ್ ಅಂಗಡಿಗಳನ್ನೆಲ್ಲ ಸುತ್ತಿದೆ. ಒಬ್ಬರು, “ಬೆಂಗ್ಳೂರಿಂದ ತರಿಸ್ಬೇಕು ಸಾರ್, ಯಾವತ್ತು ಬರುತ್ತೆ ಹೇಳಕ್ಕಾಗಲ್ಲ” ಎಂದರು. ಇನ್ನೊಬ್ಬರು ಅಂಥದ್ದು ಸೈಕಲ್ಲಿಗೂ ಇರುತ್ತದೆಯೇ ಎಂದು ನನ್ನನ್ನೇ ಕೇಳಿದರು. ದಿನ ಹತ್ತಿರವಾಗುತ್ತಿತ್ತು. ಕಾರ್ಖಾನೆಯಲ್ಲಿ ಯಾವ ಯಂತ್ರ ಕಿರ್ ಎಂದರೂ ಕೈಲಿದ್ದ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದೆ. ಮನೆಯಲ್ಲಿ ಮಗಳು ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದಳು. ದೇವರಿಗೆ ಕೈಮುಗಿಯುವ ಅಭ್ಯಾಸ ನನಗೆ ಅಷ್ಟಕ್ಕಷ್ಟೇ. ಆದರೂ ಒಂದು ಬೆಳಿಗ್ಗೆ ನಂಜನಗೂಡಿನಲ್ಲಿ ಬಸ್ಸಿಳಿದವನು ಕಾರ್ಖಾನೆಯ ದಾರಿ ಬಿಟ್ಟು ಗುಡಿಯ ಮುಂದೆ ಹೋಗಿ ನಿಂತೆ. ವಿಷವನ್ನೇ ನುಂಗಿದವನು ನೀನು, ಆ ಡಿಸ್ಕಿನ ಮೇಲಿನ ಒಂದು ತೊಟ್ಟು ಎಣ್ಣೆ ನುಂಗಿಬಿಡು ಮಾರಾಯ ಎಂದು ಬೇಡಿದೆ. ನನಗೆ ನಿಜವಾಗಿಯೂ ಅಳು ಬಂದಿತ್ತು.

ಆಯ್ಕೆಯ ಹಿಂದಿನ ದಿನ ಸಂಜೆ ಕೊನೆಯ ಪ್ರಯತ್ನವೆಂದು ಪ್ಯಾಡುಗಳನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಮೇಲೆ ಸುಟ್ಟೆ. ಹೀರಿಕೊಂಡಿದ್ದ ಎಣ್ಣೆಯೆಲ್ಲ ಹೊಗೆಯಾಗಿ ಎದ್ದಿತು. ಅಡುಗೆಮನೆಯೆಲ್ಲ ನಾರುತ್ತಿದೆ ಎಂದು ಹೆಂಡತಿ ಗೊಣಗಿದಳು. ತಣ್ಣಗಾದ ಮೇಲೆ ಉಜ್ಜಿ, ಡಿಸ್ಕನ್ನು ಸ್ಪಿರಿಟ್‌ನಲ್ಲಿ ಒರೆಸಿ ಜೋಡಿಸಿದೆ. ಮಗಳು ಬೀದಿಯ ಮೇಲಿನ ತುದಿಯಿಂದ ಇಳಿದು ಬಂದು ಮನೆಯ ಮುಂದೆ ಹಿಡಿ ಒತ್ತಿದಳು. ಸ್ವಲ್ಪ ಕಿರುಚಿತು, ಆದರೆ ಹಿಂದಿನ ಚಕ್ರ ನೆಲ ಬಿಟ್ಟು ಏಳುವ ಹಾಗೆ ನಿಂತಿತು. “ಅಪ್ಪಾ!” ಎಂದು ಅವಳು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಂದು ಅವಳು ಎರಡು ಸಲ ಬಡಿಸಿಕೊಂಡು ಉಂಡಳು. ಅಪ್ಪ ಮಾತ್ರ, “ಇನ್ನೂ ಅರಚ್ತಲೇ ಅದಲ್ಲಾ” ಎಂದರು. ಸ್ವಲ್ಪ ಅರಚಿದರೆ ಅರಚಲಿ, ಹಿಡಿಯುತ್ತದಲ್ಲ ಎಂದು ನಾನು ನಕ್ಕೆ.

ಬೆಳಿಗ್ಗೆ ಸೈಕಲ್ಲನ್ನು ಓಡಿಸದೆ, ಹಾಗೇ ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಂಡು ಮೈಸೂರಿಗೆ ಹೋದೆವು. ಬೆಟ್ಟದ ಬಳಿ ಮಕ್ಕಳೆಲ್ಲ ಒಂದು ಸಣ್ಣ ಇಳಿಜಾರಿನಲ್ಲಿ ಬ್ರೇಕು ಪರೀಕ್ಷಿಸುತ್ತಿದ್ದರು. ನನ್ನ ಮಗಳೂ ಬಿಟ್ಟಳು. ಅವಳ ಬೆರಳು ಹಿಡಿಯ ಮೇಲಿರುವುದು ಕಾಣಿಸಿತು. ಸದ್ದಿಲ್ಲ! ಅಬ್ಬಾ, ಆ ಕಿರುಚಾಟವೂ ಹೋಯಿತು ಎಂದು ಒಂದು ಗಳಿಗೆ ಹಿಗ್ಗಿದೆ. ಸೈಕಲ್ಲು ನಿಲ್ಲಬೇಕಾದ ಗೆರೆಯಲ್ಲಿ ನಿಲ್ಲಲಿಲ್ಲ. ಗೆರೆ ದಾಟಿ, ವೇಗ ಒಂದಿಷ್ಟೂ ತಗ್ಗದೆ ಓಡಿ, ಲಾಂಟಾನಾ ಪೊದೆಯೊಳಕ್ಕೆ ನುಗ್ಗಿತು.

ಓಡಿಹೋಗಿ ಎಬ್ಬಿಸಿದೆ. ಮೊಣಕೈ ತರಚಿತ್ತು, ಅಷ್ಟೇ. ಡಿಸ್ಕು ಮುಟ್ಟಿದೆ. ಮುಂದಿನದೂ ಹಿಂದಿನದೂ ಎರಡೂ ಅಂಟಂಟು, ಬೆರಳು ಜಾರಿತು. ಎರಡು ಸೀಲೂ ಒಂದೇ ದಿನ ಹೇಗೆ ಹೋದವು ಎಂದು ಯೋಚಿಸುವ ಬುದ್ಧಿಯೂ ಆಗ ಉಳಿದಿರಲಿಲ್ಲ. ಒರೆಸಿದೆ, ಮತ್ತೆ ಒರೆಸಿದೆ. ಪ್ಯಾಡು ಎಣ್ಣೆ ಕುಡಿದಾಗಿತ್ತು. ಅಲ್ಲಿ ಸಾಲಕ್ಕೆ ಪಡೆಯಲು ಯಾರ ಪ್ಯಾಡೂ ನಮ್ಮದಕ್ಕೆ ಹೊಂದುತ್ತಿರಲಿಲ್ಲ.

“ನಿಧಾನಕ್ಕೆ ಇಳೀತೀನಪ್ಪ. ಕಾಲು ಕೊಡ್ತೀನಿ. ಕೊನೇಲಿ ಬಂದ್ರೂ ಪರವಾಗಿಲ್ಲ, ನನ್ ಹೆಸ್ರು ಕರೆದಾಗ ನಾನು ಇಳೀಬೇಕು” ಎಂದು ನನ್ನ ಅಂಗಿ ಹಿಡಿದುಕೊಂಡಳು.

ಬೇಡ ಎಂದೆ. ಅವಳು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು. ಅವಳ ಹೆಸರು ಕರೆದರು. ಮತ್ತೊಮ್ಮೆ ಕರೆದರು. ನಾನು ಹೋಗಿ, ಬರುವುದಿಲ್ಲ ಎಂದು ಹೇಳಿ ಬಂದೆ. ಊರು ಸೇರುವವರೆಗೂ ಗೂಡ್ಸ್ ಆಟೋದ ಹಿಂದೆ ಸೈಕಲ್ಲನ್ನು ಹಿಡಿದುಕೊಂಡು ಕೂತು ಬಿಕ್ಕುತ್ತಲೇ ಇದ್ದಳು. ಮುಂದೆ ಚಾಲಕರ ಪಕ್ಕದಲ್ಲಿದ್ದ ನನಗೆ ತಿರುಗಿ ನೋಡುವ ಧೈರ್ಯವಿರಲಿಲ್ಲ.

ಮನೆಯ ಮುಂದೆ ಅಪ್ಪ ಎದ್ದು ನಿಂತು ಕಾಯುತ್ತಿದ್ದರು. ಆಟೋ ನಿಲ್ಲುವ ಮೊದಲೇ ಕೇಳಿದರು: “ಕೂಸೇ, ಇವತ್ತು ಅರಚ್ಕನಿಲ್ಲ ತಾನೆ?”

ನಾನು ಇಳಿದು, ಸೈಕಲ್ಲು ಇಳಿಸಲು ಆಟೋದ ಹಿಂದಕ್ಕೆ ಹೋದೆ.

“ದಿನಾ ಬೆಳಗಾನ ಎದ್ದು ಆ ಗಾಲಿ ತಟ್ಟೆಗೆ ವಸಿ ವಸಿ ಅರಳೆಣ್ಣೆ ಬಳೀತಿದ್ದೆ ಕವ್ವ. ಸಾಕಾಯ್ತಿರ್ನಿಲ್ಲ, ಇವನು ಸಂಜೆ ಬಂದು ಎಲ್ಲಾ ಒರೆಸಾಕ್ಬುಡೋನು. ಇವತ್ತು ನೀನು ಬೆಟ್ಟ ಇಳೀತಿಯಲ್ಲ ಅಂತ ಎರಡ್ಕೂ ಕೈತುಂಬ ಬಳ್ದಿವ್ನಿ. ಗಾಲಿ ಅರಚ್ಕಂಡ್ರೆ ಎತ್ಗೆ ಎಷ್ಟು ನೋವು ಅಂತ ನಂಗೊತ್ತು. ಎಣ್ಣೆ ಕಾಣ್ಸದೆ ಗಾಡಿ ಕಟ್ಟೋನು ಒಬ್ಬ ಗಾಡಿಯವ್ನಾ?”

ನನ್ನ ತಲೆಗೆ ರಕ್ತ ನುಗ್ಗಿತು. ಅಷ್ಟು ದಿನದ ಸಿಟ್ಟೆಲ್ಲ ಬಾಯಿಗೆ ಬಂದಿತ್ತು. ಮಗಳು ನನ್ನ ಕೈಯನ್ನು ಉಗುರು ನಾಟುವ ಹಾಗೆ ಅದುಮಿ ಹಿಡಿದಳು. ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಂಡು ಆಟೋದಿಂದ ಇಳಿದಳು.

“ಇಲ್ಲ ತಾತ. ಒಂಚೂರೂ ಅರಚ್ಲಿಲ್ಲ” ಎಂದಳು.

ಅಪ್ಪನ ಮುಖ ಅರಳಿತು. “ಅಂಗಾರೆ ಗೆದ್ಯಾ ಮಗಾ?”

“ಇಲ್ಲ ತಾತ, ಬೇರೆಯವ್ರು ನನಗಿಂತ ಚೆನ್ನಾಗಿ ಇಳಿದ್ರು” ಎಂದಳು. ಅವಳನ್ನು ನಾನು ಬೆಟ್ಟದಿಂದ ಇಳಿಯಲು ಬಿಟ್ಟೇ ಇರಲಿಲ್ಲ.